ಕಾರು ತಗ್ಗಿಸಿದ ಮೇಲೆ ಯಾವ ಲೋವರ್ ಆರ್ಮ್?

ನನ್ನ ಪೋಲೋಗೆ 35 ಮಿ.ಮೀ. ತಗ್ಗುವ ಸ್ಪ್ರಿಂಗ್ ಹಾಕಿಸಿ ಎಂಟು ತಿಂಗಳಾಗಿತ್ತು. ಒಂದು ದಿನ ಹಂಪ್ ಇಳಿಯುವಾಗ ಮುಂದಿನ ಎಡಗಡೆಯಿಂದ 'ಟಕ್' ಅಂತ ಸದ್ದು ಬಂತು. ವಾರ ಕಳೆಯುವಷ್ಟರಲ್ಲಿ ಅದು ಪ್ರತಿ ಗುಂಡಿಗೂ ಕೇಳಿಸತೊಡಗಿತು. ಗ್ಯಾರೇಜಿನಲ್ಲಿ ಜ್ಯಾಕ್ ಏರಿಸಿ ನೋಡಿದರೆ ಲೋವರ್ ಆರ್ಮ್‌ನ (ಚಕ್ರದ ಬುಡವನ್ನು ಕಾರಿಗೆ ಸೇರಿಸುವ ಕೆಳಗಿನ ತೋಳು) ಹಿಂದಿನ ಬುಷ್, ಅಂದರೆ ಆ ತೋಳು ಕೂರುವ ರಬ್ಬರ್ ಉಂಗುರ, ಹರಿದಿತ್ತು. ಕಾರು ಓಡಿದ್ದು ಬರೀ 40,000 ಕಿ.ಮೀ. ಅಷ್ಟು ಬೇಗ ಹರಿಯುವ ಬುಷ್ ಅಲ್ಲ ಅದು.

ಅಲ್ಲಿಂದ ಸಲಹೆಗಳು ಶುರು. ಒಬ್ಬರು ರಬ್ಬರಿಗಿಂತ ಗಟ್ಟಿಯಾದ ಪಿಯು ಬುಷ್ ಹಾಕಿಸು ಅಂದರು. ಇನ್ನೊಬ್ಬರು ಉದ್ದ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯ ಗೋಲಿ ಕೀಲು) ಇಲ್ಲದೆ ತಗ್ಗಿಸಿದ್ದೇ ತಪ್ಪು ಅಂದರು. ಮೂರನೆಯವರು ಫೋನಿನಲ್ಲಿ ಕೆಂಪು ಬಣ್ಣದ ಅಡ್ಜಸ್ಟಬಲ್ ಆರ್ಮ್ ಫೋಟೋ ತೋರಿಸಿದರು. ನೋಡೋಕೆ ಚೆಂದವಾಗೇನೋ ಇತ್ತು. ಈ ಮೂರರ ಜೊತೆ ಕಂಪನಿಯದೇ ಹೊಸ ಆರ್ಮ್ ಸೇರಿಸಿ ನಾಲ್ಕೂ ದಾರಿಗಳನ್ನು ತೂಗಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ತಗ್ಗಿಸಿದ ಕಾರಿನಲ್ಲಿ ಕೆಡುವುದು ಆರ್ಮ್‌ನ ಗಟ್ಟಿತನವಲ್ಲ, ಅದು ನಿಲ್ಲುವ ಕೋನ. ಕೋನವನ್ನು ಯಾವುದು ಸರಿಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ತಿಳಿದರೆ ಅರ್ಧ ದುಡ್ಡು ಉಳಿಯುತ್ತದೆ.

ಕೋನ ಕೆಟ್ಟರೆ ಏನಾಗುತ್ತದೆ

ಪೋಲೋ, ಸ್ವಿಫ್ಟ್, ಐ20, ಸಿಟಿ, ಹೀಗೆ ನಮ್ಮಲ್ಲಿ ತಗ್ಗಿಸುವ ಬಹುತೇಕ ಕಾರುಗಳ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್. ಕಾರಿನ ಭಾರ ಹೊರುವುದು ಸ್ಪ್ರಿಂಗ್ ಸಮೇತ ನಿಂತಿರುವ ಸ್ಟ್ರಟ್. ಕೆಳಗಿನ ಆರ್ಮ್ ಮಾಡುವುದು ಚಕ್ರದ ಬುಡವನ್ನು ಜಾಗದಲ್ಲಿ ಹಿಡಿಯುವ ಕೆಲಸ. ಅದರ ಒಳತುದಿ ಎರಡು ಬುಷ್‌ಗಳ ಮೂಲಕ ಸಬ್‌ಫ್ರೇಮ್‌ಗೆ (ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟು), ಹೊರತುದಿ ಬಾಲ್ ಜಾಯಿಂಟ್ ಮೂಲಕ ನಕಲ್‌ಗೆ (ಚಕ್ರ ಕೂರುವ ಲೋಹದ ಭಾಗ) ಸೇರುತ್ತದೆ.

ಕಂಪನಿಯಿಂದ ಬಂದ ಎತ್ತರದಲ್ಲಿ ಆರ್ಮ್‌ನ ಹೊರತುದಿ ಸಾಮಾನ್ಯವಾಗಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಚಕ್ರ ಮೇಲೇಳುವಾಗ ಆ ತುದಿ ಕೈವಾರದಲ್ಲಿ ಕಮಾನು ಎಳೆದ ಹಾಗೆ ಸಾಗುತ್ತದೆ. ಆರ್ಮ್ 350 ಮಿ.ಮೀ. ಉದ್ದ ಅಂದುಕೊಳ್ಳಿ. ತುದಿ 30 ಮಿ.ಮೀ. ಕೆಳಗಿದ್ದದ್ದು ನೇರ ಆಗುವಾಗ ಸುಮಾರು 1.3 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಚಕ್ರದ ಬುಡ ಹೊರಗೆ, ಅಂದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವ ಕೋನ) ಸ್ವಲ್ಪ ಹೆಚ್ಚುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಬೇಕಾದದ್ದೂ ಅದೇ. ಆದರೆ ತುದಿ ನೇರಕ್ಕಿಂತ 60 ಮಿ.ಮೀ. ಮೇಲೆ ಹೋದರೆ 5 ಮಿ.ಮೀ.ಗಿಂತ ಜಾಸ್ತಿ ಒಳಕ್ಕೆ ಎಳೆಯುತ್ತದೆ. ಆಗ ಸುಮಾರು ಅರ್ಧ ಡಿಗ್ರಿ ಕ್ಯಾಂಬರ್ ಕೈತಪ್ಪುತ್ತದೆ, ಅದೂ ಕಾರು ವಾಲಿ ಟೈರಿಗೆ ಹಿಡಿತ ಬೇಕಾದ ಹೊತ್ತಿನಲ್ಲೇ.

ಎರಡನೆಯದು ರೋಲ್ ಸೆಂಟರ್. ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು. ಮ್ಯಾಕ್‌ಫರ್ಸನ್ ಕಾರನ್ನು ತಗ್ಗಿಸಿದರೆ ಬಾಡಿಯ ಭಾರದ ಕೇಂದ್ರ ಇಳಿಯುವುದಕ್ಕಿಂತ ಜಾಸ್ತಿ ರೋಲ್ ಸೆಂಟರ್ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚುತ್ತದೆ. ಬಿಗಿಯಾದ ನಟ್ ಬಿಚ್ಚೋಕೆ ಸ್ಪ್ಯಾನರ್‌ಗೆ ಪೈಪ್ ತೂರಿಸುತ್ತಾರಲ್ಲ, ಹಾಗೆ ಬಾಡಿಯನ್ನು ವಾಲಿಸುವ ಬಲಕ್ಕೆ ಹಿಡಿ ಉದ್ದವಾದ ಹಾಗೆ. ತಗ್ಗಿದ ಕಾರು ಜಾಸ್ತಿ ವಾಲುತ್ತದೆ ಅಂದರೆ ನಂಬೋಕೆ ಕಷ್ಟ. ಆದರೆ ಗಟ್ಟಿ ಸ್ಪ್ರಿಂಗ್ ಇಲ್ಲದೆ ಸುಮ್ನೆ ಸುರುಳಿ ಕತ್ತರಿಸಿ ತಗ್ಗಿಸಿದ ಕಾರುಗಳನ್ನು ಘಾಟಿಯಲ್ಲಿ ಓಡಿಸಿದವರಿಗೆ ಇದು ಗೊತ್ತು.

ಮೂರನೆಯದು ಬಂಪ್ ಸ್ಟಿಯರ್. ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರವನ್ನು ತಿರುಗಿಸುವ ಸಲಾಕೆ) ಮತ್ತು ಲೋವರ್ ಆರ್ಮ್ ಹೆಚ್ಚುಕಡಿಮೆ ಒಂದೇ ಓಟದಲ್ಲಿ ಏರಿಳಿಯುವಂತೆ ಕಂಪನಿಯವರು ಕೂರಿಸಿರುತ್ತಾರೆ. ಆ ಜೋಡಿ ತಪ್ಪಿದರೆ ನೀವು ಸ್ಟಿಯರಿಂಗ್ ತಿರುಗಿಸದಿದ್ದರೂ ಗುಂಡಿಗೆ ಇಳಿದಾಗ ಚಕ್ರ ತಾನೇ ತಿರುಗುತ್ತದೆ. ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಮೂಗು ಹಾಕುತ್ತದೆ.

ಮೊದಲ ದಾರಿ: ಕಂಪನಿಯದೇ ಹೊಸ ಆರ್ಮ್

ಬೇಸರ ತರಿಸುವ ದಾರಿ ಇದು. ಫೋಟೋ ಹಾಕಿ ತೋರಿಸುವಂಥದ್ದೇನೂ ಇಲ್ಲ. ಆದರೂ 25ರಿಂದ 40 ಮಿ.ಮೀ. ತಗ್ಗಿಸಿ ದಿನಾ ಆಫೀಸಿಗೆ ಓಡಿಸುವ ಕಾರಿಗೆ ನನ್ನ ಮೊದಲ ಮತ ಇದಕ್ಕೇ.

ಯಾಕೆ ಅಂದರೆ ನನ್ನ ಬುಷ್ ಹರಿದ ಕಾರಣ ಆರ್ಮ್ ಅಲ್ಲ, ನಟ್ ಬಿಗಿದ ರೀತಿ. ರಬ್ಬರ್ ಬುಷ್ ಬೇರಿಂಗ್ ಹಾಗೆ ತಿರುಗುವುದಿಲ್ಲ. ಅದರ ಒಳಗಿನ ಕೊಳವೆಯನ್ನು ಬೋಲ್ಟ್ ಬಿಗಿಯಾಗಿ ಹಿಡಿದಿರುತ್ತದೆ, ಹೊರಗಿನ ಕವಚ ಆರ್ಮ್ ಜೊತೆ ಇರುತ್ತದೆ, ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಬೋಲ್ಟ್ ಬಿಗಿದ ಗಳಿಗೆಯ ಕೋನವೇ ಆ ರಬ್ಬರಿಗೆ ವಿಶ್ರಾಂತಿಯ ಕೋನ. ಕಾರನ್ನು ಲಿಫ್ಟಿನಲ್ಲಿ ಏರಿಸಿ, ಚಕ್ರ ಜೋತಾಡುತ್ತಿರುವಾಗ ಬಿಗಿದರೆ ಏನಾಗುತ್ತದೆ? ಚಕ್ರ 80 ಮಿ.ಮೀ. ಜೋತುಬಿದ್ದಿದ್ದರೆ ನಮ್ಮ 350 ಮಿ.ಮೀ. ಆರ್ಮ್‌ಗೆ ಅದು 13 ಡಿಗ್ರಿ. ಕಾರು ಕೆಳಗಿಳಿದ ಗಳಿಗೆಯಿಂದ ಬುಷ್ 13 ಡಿಗ್ರಿ ತಿರುಚಿಕೊಂಡೇ ಇರುತ್ತದೆ, ರಾತ್ರಿ ಮನೆ ಮುಂದೆ ನಿಂತಿದ್ದಾಗಲೂ. ಅದರ ಮೇಲೆ ಪ್ರತಿ ಹಂಪ್ ಇನ್ನಷ್ಟು ತಿರುಚುತ್ತದೆ.

ಸ್ಪ್ರಿಂಗ್ ಬದಲಿಸುವಾಗ ಆರ್ಮ್‌ನ ಬೋಲ್ಟ್ ಮುಟ್ಟದೇ ಬಿಟ್ಟರೂ ಪೂರ್ತಿ ಕ್ಷೇಮ ಅಲ್ಲ. 35 ಮಿ.ಮೀ. ತಗ್ಗಿದರೆ ಆರ್ಮ್ ಸುಮಾರು 5.7 ಡಿಗ್ರಿ ಮೇಲೇಳುತ್ತದೆ. ಬುಷ್‌ಗೆ ಹಳೆಯ ಕೋನವೇ ನೆನಪು. ಆದ್ದರಿಂದ ತಗ್ಗಿಸಿದ ದಿನವೇ ಬೋಲ್ಟ್ ಸಡಿಲಿಸಿ, ಕಾರನ್ನು ಪಿಟ್ ಮೇಲೆ ಅಥವಾ ರ‍್ಯಾಂಪ್ ಮೇಲೆ ಚಕ್ರದಲ್ಲೇ ನಿಲ್ಲಿಸಿ, ಒಂದೆರಡು ಸಲ ಬಾನೆಟ್ ಒತ್ತಿ ಕುಣಿಸಿ, ಆಮೇಲೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಪಿಟ್ ಇಲ್ಲದಿದ್ದರೆ ಬಾಲ್ ಜಾಯಿಂಟ್ ಕೆಳಗೆ ಜ್ಯಾಕ್ ಕೊಟ್ಟು, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗಿನ ಅಳತೆ ನೆಲದ ಮೇಲಿದ್ದಷ್ಟೇ ಬರುವ ತನಕ ಏರಿಸಿದರೂ ನಡೆಯುತ್ತದೆ. ಇದಕ್ಕೆ ಅರ್ಧ ಗಂಟೆ ಸಾಕು. ನನ್ನ ಸ್ಪ್ರಿಂಗ್ ಹಾಕಿದ ಕಡೆ ಆ ಅರ್ಧ ಗಂಟೆ ಉಳಿಸಿದ್ದರು.

ಕಂಪನಿ ಆರ್ಮ್ ಪರವಾಗಿ ಇನ್ನೊಂದು ಮಾತು. ಅದು ತಗಡು ಒತ್ತಿ ಮಾಡಿದ ಉಕ್ಕಿನದಾಗಿದ್ದರೆ ದೊಡ್ಡ ಗುಂಡಿಗೆ ಬಿದ್ದಾಗ ಅದೇ ಮೊದಲು ಬಾಗುತ್ತದೆ. ಬೈಯಬೇಡಿ. ಅದು ಬಾಗಿದ್ದಕ್ಕೇ ಸಬ್‌ಫ್ರೇಮ್ ಉಳಿಯುತ್ತದೆ. ಸ್ಟಿಯರಿಂಗ್ ಓರೆಯಾಗುತ್ತದೆ, ನಿಮಗೆ ಗೊತ್ತಾಗುತ್ತದೆ, ಬದಲಿಸುತ್ತೀರಿ.

ಕೊಳ್ಳುವಾಗ ಎಚ್ಚರ ಇರಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಒಂದೇ ಕಾರಿನ ಆರ್ಮ್‌ಗೆ ನಾಲ್ಕು ಬೆಲೆ ಹೇಳುತ್ತಾರೆ. ತೀರಾ ಅಗ್ಗದ್ದರಲ್ಲಿ ಲೋಹಕ್ಕಿಂತ ಬುಷ್ ರಬ್ಬರ್ ಮತ್ತು ಬಾಲ್ ಜಾಯಿಂಟ್‌ನ ಬೂಟ್ (ರಬ್ಬರ್ ಹೊದಿಕೆ) ಬೇಗ ಕೈಕೊಡುತ್ತವೆ. ಸ್ವಿಫ್ಟ್‌ನಂಥ ಕಾರಿನಲ್ಲಿ ಬಾಲ್ ಜಾಯಿಂಟ್ ಆರ್ಮ್‌ಗೇ ಸೇರಿಕೊಂಡು ಬರುತ್ತದೆ, ಹಾಗಾಗಿ ಅದು ಹೋದರೆ ಇಡೀ ಆರ್ಮ್ ಬದಲು. ಪೋಲೋದಲ್ಲಿ ಬಾಲ್ ಜಾಯಿಂಟ್ ಬೋಲ್ಟ್ ಹಾಕಿ ಕೂರಿಸಿದ್ದು, ಬೇರೆಯಾಗಿ ಸಿಗುತ್ತದೆ.

ಈ ದಾರಿ ಏನು ಮಾಡುವುದಿಲ್ಲ? ಕೋನ ಸರಿಮಾಡುವುದಿಲ್ಲ. ಕ್ಯಾಂಬರ್ ಓಟ (ಚಕ್ರ ಏರಿಳಿಯುವಾಗ ಕ್ಯಾಂಬರ್ ಬದಲಾಗುವ ರೀತಿ), ರೋಲ್ ಸೆಂಟರ್ ಎಲ್ಲ ತಗ್ಗಿದ ಹಾಗೇ ಇರುತ್ತವೆ. 30 ಮಿ.ಮೀ. ಆಸುಪಾಸಿನಲ್ಲಿ, ಸ್ಪ್ರಿಂಗ್ ಸ್ವಲ್ಪ ಗಟ್ಟಿ ಇದ್ದರೆ, ಬೀದಿಯಲ್ಲಿ ಅದು ತೊಂದರೆ ಕೊಡುವುದಿಲ್ಲ. 50 ದಾಟಿದರೆ ಕೊಡುತ್ತದೆ.

ಎರಡನೆಯ ದಾರಿ: ಆರ್ಮ್ ಹಳೆಯದು, ಬುಷ್ ಹೊಸದು

ಪಾಲಿಯುರೆಥೇನ್ ಅನ್ನು ಎಲ್ಲರೂ ಪಿಯು ಅನ್ನುತ್ತಾರೆ. ಗಡಸುತನ ಅಳೆಯುವ ಶೋರ್ ಎ ಲೆಕ್ಕದಲ್ಲಿ ಕಂಪನಿಯ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ಒಳಗೆ, ಪಿಯು 80ರಿಂದ 95. ಬ್ರೇಕ್ ಒತ್ತಿದಾಗ ಆರ್ಮ್ ಹಿಂದಕ್ಕೆ ಜರುಗುವುದು ಕಡಿಮೆಯಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂಗು ತಿರುಗುತ್ತದೆ. ತಗ್ಗಿಸಿದ ಕಾರಿಗೆ ಇನ್ನೊಂದು ಅನುಕೂಲ ಇದೆ. ಪಿಯು ಬುಷ್ ಒಳಗೆ ಕೊಳವೆ ತಿರುಗುತ್ತದೆ, ರಬ್ಬರಿನ ಹಾಗೆ ತಿರುಚಿಕೊಳ್ಳುವುದಿಲ್ಲ. ಆದ್ದರಿಂದ ಮೇಲೆ ಹೇಳಿದ 13 ಡಿಗ್ರಿ ರಗಳೆ ಇಲ್ಲ.

ತಿರುಗಬೇಕು ಅಂದರೆ ಗ್ರೀಸ್ ಬೇಕು. ಅದು ಒಣಗಿದರೆ ಕೀ ಕೀ ಸದ್ದು. ಒಂದು ಮಳೆಗಾಲ ಕಳೆದ ಮೇಲೆ ಹಳೇ ಬಾಗಿಲು ತೆಗೆದ ಹಾಗೆ ಕಾರು ಮಾತಾಡುತ್ತದೆ. ಬಿಚ್ಚಿ, ತೊಳೆದು, ಸಿಲಿಕಾನ್ ಗ್ರೀಸ್ ಹಾಕಿ ಮತ್ತೆ ಕೂರಿಸುವ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ. ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಹಾಕಬೇಡಿ.

ಎರಡೂ ಬುಷ್ ಒಂದೇ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎಲ್ ಆಕಾರದ ಆರ್ಮ್‌ನಲ್ಲಿ ಮುಂದಿನ ಬುಷ್ ಹೆಚ್ಚುಕಡಿಮೆ ಬಾಲ್ ಜಾಯಿಂಟ್‌ನ ಸಾಲಿನಲ್ಲೇ ಇರುತ್ತದೆ. ತಿರುವಿನ ಅಡ್ಡಬಲ ಹೊರುವುದು ಅದು. ಹಿಂದಿನ ದಪ್ಪ ಬುಷ್ ಇರುವುದು ಗುಂಡಿಗೆ ಬಿದ್ದಾಗ ಚಕ್ರ ಒಂದಿಷ್ಟು ಹಿಂದಕ್ಕೆ ಹೋಗಿ ಬರಲಿ ಅಂತ. ಅದಕ್ಕೇ ಅದರೊಳಗೆ ಸೀಳುಗಳನ್ನು ಬಿಟ್ಟಿರುತ್ತಾರೆ. ಅದನ್ನು ಗಟ್ಟಿ ಪಿಯು ಮಾಡಿದರೆ ಪ್ರತಿ ಗುಂಡಿಯ ಏಟು ಸೀಟಿಗೆ ಬರುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನ ಬುಷ್ ಲಂಬವಾಗಿ ಕೂತಿರುತ್ತದೆ. ಅಲ್ಲಿ ಆರ್ಮ್ ಏರಿಳಿಯುವಾಗ ಬುಷ್ ಓರೆಯಾಗಿ ಬಾಗಬೇಕು. ಬರೀ ಗಟ್ಟಿ ಪಿಯು ತುಂಬಿದರೆ ಆರ್ಮ್ ಸಿಕ್ಕಿಹಾಕಿಕೊಂಡ ಹಾಗೆ ಆಡುತ್ತದೆ.

ನಡುವಿನ ದಾರಿ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು: ಸೀಳಿಲ್ಲದ ಗಟ್ಟಿ ರಬ್ಬರ್ ಬುಷ್. ಮೊದಲ ತಲೆಮಾರಿನ ಆಕ್ಟೇವಿಯಾ ಇಟ್ಟುಕೊಂಡವರಿಗೆ ಇದು ಹಳೆಯ ಸುದ್ದಿ. ಆ ಕಾರು, ನಾಲ್ಕನೆಯ ತಲೆಮಾರಿನ ಗಾಲ್ಫ್, ಮೊದಲ ಆಡಿ ಟಿಟಿ ಎಲ್ಲ ಒಂದೇ ಪ್ಲಾಟ್‌ಫಾರ್ಮ್. ಟಿಟಿಯ ತುಂಬು ರಬ್ಬರಿನ ಹಿಂದಿನ ಬುಷ್ ತಂದು ಆಕ್ಟೇವಿಯಾದ ಆರ್ಮ್‌ಗೆ ಪ್ರೆಸ್ ಮಾಡಿಸುತ್ತಾರೆ. ಸದ್ದಿಲ್ಲ, ಗ್ರೀಸಿಲ್ಲ, ಸ್ಟಿಯರಿಂಗ್ ಗಟ್ಟಿ. ನಿಮ್ಮ ಕಾರಿನ ದೊಡ್ಡಣ್ಣನ ಬಿಡಿಭಾಗ ಹೊಂದುತ್ತದಾ ಅಂತ ಒಮ್ಮೆ ಪಾರ್ಟ್ ನಂಬರ್ ಹುಡುಕಿ ನೋಡಿ. ಆದರೆ ಇದೂ ರಬ್ಬರೇ, ಬಿಗಿಯುವಾಗ ಚಕ್ರ ನೆಲದ ಮೇಲಿರಬೇಕು.

ಬುಷ್ ಯಾವುದೇ ಇರಲಿ, ಕೋನ ಮಾತ್ರ ಹಾಗೇ ಉಳಿಯುತ್ತದೆ.

ಮೂರನೆಯ ದಾರಿ: ಉದ್ದ ಬಾಲ್ ಜಾಯಿಂಟ್

ಕೋನವನ್ನು ನಿಜವಾಗಿ ಮುಟ್ಟುವುದು ಇದು. ಬಾಲ್ ಜಾಯಿಂಟ್‌ನ ಪಿನ್ ಉದ್ದವಾಗಿರುತ್ತದೆ, ಅಥವಾ ನಕಲ್ ಮತ್ತು ಬಾಲ್ ಜಾಯಿಂಟ್ ನಡುವೆ ಒಂದು ತುಂಡು ಸೇರಿಸುತ್ತಾರೆ. ಆರ್ಮ್‌ನ ಹೊರತುದಿ ಕೆಳಗಿಳಿಯುತ್ತದೆ. 20 ಮಿ.ಮೀ. ಇಳಿಸಿದರೆ 350 ಮಿ.ಮೀ. ಆರ್ಮ್‌ಗೆ ಸುಮಾರು 3.3 ಡಿಗ್ರಿ ವಾಪಸ್. 35 ಮಿ.ಮೀ. ತಗ್ಗಿಸಿ ಕಳೆದುಕೊಂಡ 5.7ರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿತು ಅಲ್ವಾ? ಕಾರಿನ ಎತ್ತರ ಬದಲಾಗುವುದಿಲ್ಲ, ಕ್ಯಾಂಬರ್ ಓಟವೂ ರೋಲ್ ಸೆಂಟರೂ ಹಳೆಯ ಜಾಗದ ಕಡೆ ಬರುತ್ತವೆ.

ಇದರಲ್ಲಿ ಜನ ಮಾಡುವ ದೊಡ್ಡ ತಪ್ಪು ಟೈ ರಾಡ್ ಮರೆಯುವುದು. ತಗ್ಗಿಸಿದಾಗ ಆರ್ಮ್ ಮತ್ತು ಟೈ ರಾಡ್ ಎರಡೂ ಒಟ್ಟಿಗೆ ಮೇಲೆದ್ದಿದ್ದವು. ಈಗ ಆರ್ಮ್ ಒಂದನ್ನೇ ಕೆಳಗಿಳಿಸಿದರೆ ಜೋಡಿ ತಪ್ಪಿತು. ಬಂಪ್ ಸ್ಟಿಯರ್ ಮೊದಲಿಗಿಂತ ಜಾಸ್ತಿ ಆಗಬಹುದು. ಅದಕ್ಕೇ ಒಳ್ಳೆಯ ಕಿಟ್‌ಗಳಲ್ಲಿ ಬಾಲ್ ಜಾಯಿಂಟ್ ಜೊತೆ ಟೈ ರಾಡ್ ಎಂಡ್ ಕೂಡ ಬರುತ್ತದೆ. ಬರೀ ಬಾಲ್ ಜಾಯಿಂಟ್ ಮಾರುವವರ ಹತ್ತಿರ ಟೈ ರಾಡ್‌ಗೆ ಏನು ಮಾಡಲಿ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಹೊರಟುಬನ್ನಿ.

ರಿಮ್ ಒಳಗೆ ಜಾಗ ಇದೆಯಾ ನೋಡಬೇಕು. ಜಾಯಿಂಟ್ ಕೆಳಗಿಳಿದಷ್ಟೂ ರಿಮ್ ಹತ್ತಿರ ಬರುತ್ತದೆ. 14 ಇಂಚಿನ ರಿಮ್‌ನಲ್ಲಿ ಎಷ್ಟೋ ಸಲ ತಾಗುತ್ತದೆ. ಚಕ್ರ ಹಾಕಿ, ಎರಡೂ ಕಡೆ ಪೂರ್ತಿ ಸ್ಟಿಯರಿಂಗ್ ತಿರುಗಿಸಿ, ಕೈಯಲ್ಲಿ ಚಕ್ರ ಸುತ್ತಿಸಿ ನೋಡಿ. ಪಿನ್ ಉದ್ದವಾದರೆ ಅದರ ಮೇಲೆ ಬಾಗುವ ಬಲವೂ ಹೆಚ್ಚುತ್ತದೆ. ಆದ್ದರಿಂದ ಇಲ್ಲಿ ಹೆಸರಿಲ್ಲದ ಮಾಲು ಬೇಡವೇ ಬೇಡ. ಬಾಲ್ ಜಾಯಿಂಟ್ ಮುರಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ. ಆಮೇಲೆ ನೋಡೋಣ ಅನ್ನುವ ಭಾಗ ಅಲ್ಲ ಅದು.

ನಾಲ್ಕನೆಯ ದಾರಿ: ಕೆಂಪು ಬಣ್ಣದ ಅಡ್ಜಸ್ಟಬಲ್ ಆರ್ಮ್

ಉಕ್ಕಿನ ಟ್ಯೂಬ್, ತುದಿಯಲ್ಲಿ ದಾರ ಕೊರೆದ ರಾಡ್ ಎಂಡ್ (ಲೋಹದ ಗೋಲಿ ಕೀಲು), ರಬ್ಬರ್ ಅನ್ನುವುದೇ ಇಲ್ಲ. ಉದ್ದ ಬದಲಿಸಿ ಕ್ಯಾಂಬರ್ ಹೊಂದಿಸಬಹುದು. ಬಾಲ್ ಜಾಯಿಂಟ್‌ನಿಂದ ಸ್ಟ್ರಟ್‌ನ ತಲೆಯವರೆಗೆ ಸುಮಾರು 600 ಮಿ.ಮೀ. ಇದ್ದರೆ, ಆರ್ಮ್ 10 ಮಿ.ಮೀ. ಉದ್ದ ಮಾಡಿದಾಗ ಹತ್ತಿರ ಹತ್ತಿರ 1 ಡಿಗ್ರಿ ನೆಗೆಟಿವ್ ಕ್ಯಾಂಬರ್ ಸಿಗುತ್ತದೆ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ಕೆಡುತ್ತದೆ. ಸ್ಟಿಯರಿಂಗ್ ರ‍್ಯಾಕ್ ಆಕ್ಸಲ್ ಹಿಂದೆ ಇರುವ ಕಾರಿನಲ್ಲಿ ಚಕ್ರದ ಹಿಂಬದಿಯನ್ನು ಟೈ ರಾಡ್ ಹಿಡಿದುಕೊಂಡಿರುತ್ತದೆ, ಮುಂಬದಿ ಹೊರಕ್ಕೆ ತೆರೆದು ಟೋ ಔಟ್ ಆಗುತ್ತದೆ. ಪ್ರತಿ ಸಲ ಆರ್ಮ್ ಮುಟ್ಟಿದಾಗಲೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರ್‌ಗೆ ಬೈಯುತ್ತಾರೆ. ಬೇಗ ತಿನ್ನುವುದು ಈ ಟೋ.

ಟ್ರ್ಯಾಕಿನಲ್ಲಿ ಇದು ರಾಜ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ವರ್ಷಕ್ಕೆ ನಾಲ್ಕಾರು ಸಲ ಕಾರು ತೆಗೆದುಕೊಂಡು ಹೋಗುವವರಿಗೆ ನಾನು ಬೇಡ ಅನ್ನುವುದಿಲ್ಲ. ಬೀದಿಯಲ್ಲಿ? ರಾಡ್ ಎಂಡ್‌ನ ಗೋಲಿ ಬಟಾಬಯಲು. ನಮ್ಮ ಧೂಳು ಒಳಗೆ ಸೇರಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ, ಅದರ ಮೇಲೆ ಮಳೆ. ಸ್ವಲ್ಪ ಸಡಿಲವಾದರೂ ಗಡಗಡ ಅನ್ನುತ್ತದೆ. ರಬ್ಬರ್ ಬೂಟ್ ಸಿಗುತ್ತದೆ, ಹಾಕಿದರೆ ಬಾಳಿಕೆ ಹೆಚ್ಚುತ್ತದೆ, ಅಷ್ಟೆ. ಅದಕ್ಕಿಂತ ನನ್ನನ್ನು ಹಿಂದೆ ಸರಿಸಿದ್ದು ಬೇರೆ. ಟ್ಯೂಬ್ ಆರ್ಮ್ ಬಾಗುವುದಿಲ್ಲ. ಅಂಚು ಕಿತ್ತ ಗುಂಡಿಗೆ ಬಿದ್ದಾಗ ಆ ಏಟು ನೇರ ಆರ್ಮ್ ಹಿಡಿದಿರುವ ಸಬ್‌ಫ್ರೇಮ್‌ನ ಕಿವಿಗೆ ಹೋಗುತ್ತದೆ. ಅದು ಕಿತ್ತರೆ ಆರ್ಮ್‌ನ ಬೆಲೆಯಲ್ಲಿ ಮುಗಿಯುವುದಿಲ್ಲ.

ಕ್ಯಾಂಬರ್ ಮಾತ್ರ ಬೇಕು ಅನ್ನುವವರಿಗೆ ಅಗ್ಗದ ದಾರಿ ಇದೆ. ಸ್ಟ್ರಟ್ ಮತ್ತು ನಕಲ್ ಎರಡು ಬೋಲ್ಟ್‌ಗಳಿಂದ ಸೇರುವ ಕಾರುಗಳಿಗೆ ಕ್ಯಾಂಬರ್ ಬೋಲ್ಟ್ ಸಿಗುತ್ತದೆ. ಸ್ವಿಫ್ಟ್‌ನಲ್ಲಿ ಆಗುತ್ತದೆ. ಪೋಲೋದಲ್ಲಿ ಸ್ಟ್ರಟ್ ನಕಲ್ ಒಳಗೆ ಇಳಿದು ಕೂರುವುದರಿಂದ ಆಗುವುದಿಲ್ಲ.

'ಅದೇ ಅಳತೆಗೆ ಲೇತ್‌ನಲ್ಲಿ ಮಾಡಿಸಿಕೊಡ್ತೀನಿ' ಅನ್ನುವವರು ಸಿಗುತ್ತಾರೆ. ಕಂಪನಿ ಆರ್ಮ್ ಕತ್ತರಿಸಿ ವೆಲ್ಡ್ ಹಾಕಿ ಉದ್ದ ಮಾಡುವವರೂ ಸಿಗುತ್ತಾರೆ. ಬೇಡ.

ಮೇಲೊಂದು ಆರ್ಮ್ ಇರುವ ಕಾರುಗಳು

ಹಳೆಯ ಹೋಂಡಾ ಅಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡು ತಗ್ಗಿಸುವವರಿದ್ದಾರೆ. 2003ರಿಂದ 2007ರ ಆಸುಪಾಸಿನ ಆ ಮಾದರಿಯ ಮುಂಭಾಗ ಡಬಲ್ ವಿಶ್‌ಬೋನ್. ಅಲ್ಲಿ ಲೆಕ್ಕ ತಲೆಕೆಳಗು. ಮೇಲಿನ ಆರ್ಮ್ ಗಿಡ್ಡ, ಹಾಗಾಗಿ ತಗ್ಗಿಸಿದಷ್ಟೂ ಚಕ್ರದ ತಲೆ ಒಳಕ್ಕೆ ಬಂದು ನೆಗೆಟಿವ್ ಕ್ಯಾಂಬರ್ ಅತಿಯಾಗುತ್ತದೆ. ಅಲ್ಲಿ ದುಡ್ಡು ಹಾಕಬೇಕಾದದ್ದು ಮೇಲಿನ ಅಡ್ಜಸ್ಟಬಲ್ ಆರ್ಮ್‌ಗೆ. ಕೆಳಗಿನ ಆರ್ಮ್ ಮೇಲೆ ಸ್ಪ್ರಿಂಗ್‌ನ ಭಾರವೂ ಕೂತಿರುತ್ತದೆ, ಅದನ್ನು ಕಂಪನಿಯದೇ ಇಡಿ. ಫಾರ್ಚೂನರ್ ಎತ್ತರಿಸುವವರು ಮೇಲಿನ ಆರ್ಮ್ ಬದಲಿಸುವುದೂ ಇದೇ ಕಾರಣಕ್ಕೆ, ದಿಕ್ಕು ಮಾತ್ರ ಉಲ್ಟಾ.

ಕಾನೂನು ಮತ್ತು ಹಂಪ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಮಾರ್ಪಾಡು ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಕಂಪನಿ ಆರ್ಮ್ ಬದಲಿಸುವುದು ರಿಪೇರಿ. ಟ್ಯೂಬ್ ಆರ್ಮ್ ಹಾಗಲ್ಲ. ವಿಮೆಯವರು ಅಪಘಾತದ ನಂತರ ಕಾರಿನ ಕೆಳಗೂ ಬಗ್ಗಿ ನೋಡುತ್ತಾರೆ ಅನ್ನುವುದು ನೆನಪಿರಲಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಂಥ ಹಂಪ್ ಆದರೆ 35 ಮಿ.ಮೀ. ತಗ್ಗಿದ ಪೋಲೋ ಆರಾಮಾಗಿ ದಾಟುತ್ತದೆ. ನಮ್ಮ ಬಡಾವಣೆಯಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಆ ಪುಸ್ತಕ ಓದಿಲ್ಲ.

ನಾನು ಆರಿಸುವುದಾದರೆ

40 ಮಿ.ಮೀ. ಒಳಗೆ, ದಿನಾ ಓಡಿಸುವ ಕಾರು: ಕಂಪನಿ ಆರ್ಮ್, ಸಿಕ್ಕರೆ ಹಿಂದೆ ಗಟ್ಟಿ ರಬ್ಬರ್ ಬುಷ್, ಚಕ್ರ ನೆಲದಲ್ಲಿಟ್ಟು ಬಿಗಿತ. ಘಾಟಿ ಓಡಿಸುವ ಹುಚ್ಚಿದ್ದು 40 ದಾಟಿಸಿದ್ದರೆ ಉಳಿದದ್ದೆಲ್ಲ ಬಿಟ್ಟು ಉದ್ದ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಕಿಟ್, ಒಳ್ಳೆಯ ಕಂಪನಿಯದು. ಟ್ರ್ಯಾಕಿಗೇ ಅಂತ ಇಟ್ಟ ಕಾರಾದರೆ ಟ್ಯೂಬ್ ಆರ್ಮ್. ಇನ್ನು ನೋಟಕ್ಕೆ ಮಾತ್ರ ನೆಲಕ್ಕೆ ತಾಗಿಸಿದ ಕಾರಿಗೆ ಯಾವ ಆರ್ಮ್ ಹಾಕಿದರೂ ಕೋನ ಸರಿಹೋಗುವುದಿಲ್ಲ, ಸ್ಪ್ರಿಂಗ್ ಒಂದೆರಡು ಇಂಚು ಮೇಲೆತ್ತಿ ಅಂತಲೇ ಹೇಳುತ್ತೇನೆ.

ನಾನು ಹಾಕಿಸಿದ್ದು ಮೊದಲನೆಯದು. ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿದೆ. ಬೋಲ್ಟ್‌ಗಳನ್ನೂ ಹೊಸದೇ ತಂದೆ, ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟನ್ನು ಮತ್ತೆ ಬಳಸಬಾರದು ಅಂತ ಹಲವು ಕಾರುಗಳ ವರ್ಕ್‌ಶಾಪ್ ಪುಸ್ತಕಗಳು ಹೇಳುತ್ತವೆ. ಬಿಗಿಯುವಾಗ ನಾನೇ ಪಿಟ್ಟಿಗೆ ಇಳಿದು ಟಾರ್ಚ್ ಹಿಡಿದಿದ್ದೆ. ಪ್ರತಿ ನಟ್ ಮೇಲೆ ಬಿಳಿ ಪೇಂಟ್‌ನಿಂದ ಒಂದು ಗೆರೆ ಎಳೆಸಿದ್ದೇನೆ, ನಟ್ ಜರುಗಿದರೆ ಗೆರೆ ಮುರಿಯುತ್ತದೆ. 500 ಕಿ.ಮೀ. ಆದ ಮೇಲೆ ಮತ್ತೆ ಇಳಿದು ನೋಡಿದೆ, ಗೆರೆ ನೇರ ಇತ್ತು. ಹಂಪ್ ಇಳಿಯುವಾಗ ಸದ್ದಿಲ್ಲ. ಡ್ಯಾಶ್‌ಬೋರ್ಡ್ ಒಳಗಿಂದ ಒಂದು ಹೊಸ ಕಿರಿಕಿರಿ ಶುರುವಾಗಿದೆ, ಅದು ಬೇರೆ ಕತೆ.